ಗಾಳಿ ಮೇಷ್ಟ್ರ ಐದು ಫ್ಯಾನು

ಕಂಪ್ಯೂಟರು ಆರಿಹೋದಾಗ ಅವನು ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ. ಆರಿಹೋಗುವುದಕ್ಕೆ ಸದ್ದೇನೂ ಇರಲಿಲ್ಲ, ಬೆಳಗಿನ ಜಾವದಿಂದ ಮನೆ ತುಂಬ ಇದ್ದ ಗುಂಯ್ ಎನ್ನುವ ಶಬ್ದ ನಿಂತುಹೋಯಿತು, ಅಷ್ಟೆ. ಆದರೂ ತಾನೇ ಏನನ್ನೋ ಎತ್ತಿಹಾಕಿ ಒಡೆದವನ ಹಾಗೆ, ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಅಲುಗದೆ ನಿಂತ. ಈಗ ಅವಳು ನಿಟ್ಟುಸಿರು ಬಿಡುತ್ತಾಳೆ ಎಂದು ಕಾದ. ಬಿಡಲಿಲ್ಲ. ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಹೆಂಡತಿಯ ಮೌನದಲ್ಲಿ ಎಷ್ಟು ಬಗೆ ಎಂಬುದು ಇಷ್ಟು ವರ್ಷಗಳ ಸಂಸಾರದಲ್ಲಿ ಅವನಿಗೆ ಬಾಯಿಪಾಠವಾಗಿತ್ತು. ಕೆಲಸದಲ್ಲಿ ಮುಳುಗಿದ ಮೌನ ಒಂದು, ನಿದ್ದೆಗೆ ಮುಂಚಿನದು ಒಂದು, ಇವರ ಹತ್ತಿರ ಮಾತಾಡಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದ ಮೇಲಿನದು ಇನ್ನೊಂದು. ಬಾಗಿಲ ಸಂದಿಯಿಂದ ಈಗ ಬರುತ್ತಿದ್ದದ್ದು ಈ ಕೊನೆಯದೇ ಎನ್ನಿಸಿ, ಬಾಯಿ ಮುಕ್ಕಳಿಸುವುದನ್ನೂ ಮರೆತು, ನೊರೆಯ ಬಾಯಲ್ಲೇ ಕೂಗಿದ.

“ಮತ್ತೆ ಹೋಯ್ತಾ?”

“ಹೋಯ್ತು.”

“ಎಲ್ಲಿವರೆಗೆ ಬಂದಿತ್ತು?”

“ಆಕಾಶ ಬಂದಿತ್ತು. ಮರ ಬಂದಿತ್ತು. ಕಟ್ಟಡ ಬರ್ಬೇಕಿತ್ತು.”

ಅವಳ ಕೆಲಸವೇ ಅಂಥದು. ಇನ್ನೂ ಕಟ್ಟಿರದ ಕಟ್ಟಡಗಳನ್ನು, ಕಟ್ಟಿ ಗೃಹಪ್ರವೇಶವೂ ಮುಗಿದಿದೆ ಎನ್ನುವಷ್ಟು ನಿಜವಾಗಿ ಕಂಪ್ಯೂಟರಿನಲ್ಲಿ ಮಾಡಿಕೊಡುವುದು. ಗೋಡೆ, ಗಾಜು, ಮೆಟ್ಟಿಲುಗಳನ್ನು ಅವಳು ಕೂಡಿಸುತ್ತಾಳೆ. ಆಮೇಲೆ ಒಂದು ಗುಂಡಿ ಒತ್ತಿದರೆ, ಯಾವ ಎಲೆಯ ಮೇಲೆ ಎಷ್ಟು ಬಿಸಿಲು, ಯಾವ ಗಾಜಿನಲ್ಲಿ ಯಾವ ಮೋಡ ಎಂದು ಗಂಟೆಗಟ್ಟಲೆ ಲೆಕ್ಕ ಹಾಕುತ್ತ ಯಂತ್ರ ಚಿತ್ರವನ್ನು ಇಷ್ಟಿಷ್ಟೇ ಮೂಡಿಸುತ್ತದೆ. ಆ ಹೊತ್ತಿನಲ್ಲಿ ಕಂಪ್ಯೂಟರಿನ ಡಬ್ಬದ ಮೇಲೆ ಕೈಯಿಟ್ಟರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿರುತ್ತದೆ. ಬಿಸಿ ಮಿತಿ ಮೀರಿದರೆ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಕಣ್ಣು ಮುಚ್ಚಿಬಿಡುತ್ತದೆ, ಮೂಡಿದ್ದಷ್ಟೂ ನೀರಲ್ಲಿ ಹೋಮ, ಮತ್ತೆ ಆಕಾಶದಿಂದ ಶುರು. ಇಷ್ಟು ದಿನ ಅವರಿವರ ಮನೆ, ಅಂಗಡಿ ಮಾಡಿಕೊಡುತ್ತಿದ್ದವಳಿಗೆ ಇದೇ ಮೊದಲ ಸಲ ಒಂದು ದೊಡ್ಡ ಸಂಸ್ಥೆ ಇಡೀ ಗ್ರಂಥಾಲಯದ ಚಿತ್ರ ಕೇಳಿತ್ತು. ಸಂಜೆಯೊಳಗೆ ಕಳಿಸಬೇಕಿತ್ತು. ಕಳಿಸದಿದ್ದರೆ ಅವರು ಇನ್ನೊಬ್ಬರನ್ನು ಹುಡುಕಿಕೊಳ್ಳುತ್ತಾರೆ, ಇಂಥ ಕೆಲಸ ಮತ್ತೆ ಈ ಬಾಗಿಲು ತಟ್ಟುವುದಿಲ್ಲ. ಇದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಇದ್ದದ್ದೇ ಅವನನ್ನು ಎದ್ದಾಗಿನಿಂದ ಚುಚ್ಚುತ್ತಿತ್ತು.

ಅವನು ಮುಖ ಒರೆಸಿಕೊಂಡು ಬಂದಾಗ ಅವಳು ಕಪ್ಪು ಪರದೆಯ ಎದುರು ಕೈಕಟ್ಟಿ ಕೂತಿದ್ದಳು. “ನನ್ನ ತಮ್ಮನ್ನ ಕರೀಲಾ?” ಎಂದಳು. ಸಾಮಾನ್ಯವಾದ ಮಾತು. ಮಳೆ ಬರಬಹುದಾ ಎಂದು ಕೇಳುವ ಧ್ವನಿ. ಆದರೆ ಅವನಿಗೆ ಅದು ಕಪಾಳಕ್ಕೆ ಬಿಗಿದ ಹಾಗಾಯಿತು. ಬಾಮೈದ ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂರುವವನು, ಬಿಡುವಿನಲ್ಲಿ ಗೆಳೆಯರಿಗೆಲ್ಲ ಕಂಪ್ಯೂಟರು ಜೋಡಿಸಿಕೊಡುವ ಚಟ ಅವನಿಗೆ. ಅಕ್ಕನ ಕಂಪ್ಯೂಟರನ್ನೂ ಅವನೇ ಜೋಡಿಸಿದ್ದ. ಬರುತ್ತಾನೆ, ಚಪ್ಪಲಿ ಬಿಡುವ ಮುಂಚೆಯೇ ನಗುತ್ತಾನೆ, ಅಯ್ಯೋ ಇಷ್ಟೇನಾ ಅಕ್ಕಾ ಎನ್ನುತ್ತಾನೆ, ಅಕ್ಕ ತಮ್ಮನ ತಲೆ ಸವರುತ್ತಾಳೆ. “ಬೇಡ” ಎಂದ ಅವನು. “ಗಾಳಿ ವಿಷಯ ತಾನೇ? ಗಾಳಿ ವಿಷಯಕ್ಕೆ ಬ್ಯಾಂಕಿನವರನ್ನ ಕರೀತಾರಾ ಯಾರಾದ್ರೂ?” ಹೇಳಿದ ಮೇಲೆ, ಹಿಂದಿನ ಸಂಜೆ ಅಂಗಡಿಯಿಂದ ತಂದು ಬೀರುವಿನ ಪಕ್ಕದಲ್ಲಿ ಬಚ್ಚಿಟ್ಟಿದ್ದ ಚೀಲವನ್ನು ಎತ್ತಿ ಮೇಜಿನ ಮೇಲಿಟ್ಟ. ಕಂಪ್ಯೂಟರಿನೊಳಗೆ ಕೂರಿಸುವ, ಅಂಗೈಯಗಲದ ಐದು ಫ್ಯಾನುಗಳು. ಅವಳು ಒಂದೊಂದನ್ನೇ ತೆಗೆದು ನೋಡಿ, “ಐದಾ?” ಎಂದಳು. ಅಷ್ಟೇ ಅಂದದ್ದು. ಆ ಒಂದು ಮಾತಿನಲ್ಲಿ ಎಷ್ಟು ಅನುಮಾನವಿತ್ತು, ಎಷ್ಟು ಬರೀ ಪ್ರಶ್ನೆಯಿತ್ತು ಎಂದು ಅವನು ಆಮೇಲೆ ಬಹಳ ಹೊತ್ತು ತೂಗಿ ನೋಡಿದ.

ಗಾಳಿ ಅವನ ಅನ್ನ. ದೊಡ್ಡ ಕಟ್ಟಡಗಳಿಗೆ ಗಾಳಿ ಎಲ್ಲಿಂದ ಒಳಗೆ ಬರಬೇಕು, ಎಲ್ಲಿಂದ ಹೊರಗೆ ಹೋಗಬೇಕು ಎಂದು ನಕ್ಷೆ ಬರೆಯುವ ಕಚೇರಿಯಲ್ಲಿ ಅವನು ಕೂದಲು ನರೆಯಿಸಿಕೊಂಡಿದ್ದ. ಒಳಬರುವ ಗಾಳಿಗೆ ನೀಲಿ ಬಾಣ, ಹೊರಹೋಗುವುದಕ್ಕೆ ಕೆಂಪು ಬಾಣ. ಮದುವೆಗೆ ಮುಂಚೆ ಪಕ್ಕದ ಮೇಜಿನಲ್ಲೇ ಅವಳೂ ನಕ್ಷೆ ಬರೆಯುತ್ತಿದ್ದಳು, ನನ್ನ ನೀಲಿ ಪೆನ್ಸಿಲ್ ಎಲ್ಲಿ ಎಂದು ಅವನು ಸುಮ್ಮಸುಮ್ಮನೆ ಅವಳನ್ನು ಕೇಳುತ್ತಿದ್ದ. ಯಾರು ಸಿಕ್ಕರೂ ಗಾಳಿಯ ಬಗ್ಗೆ ಪಾಠ ಮಾಡುತ್ತಾನೆಂದು ಕಚೇರಿಯವರು ಅವನಿಗೆ ಗಾಳಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮೊದಮೊದಲು ಅದರಲ್ಲಿ ಪ್ರೀತಿಯಿತ್ತು. ಹೊಸ ಸಭಾಂಗಣ ಉದ್ಘಾಟನೆಯಾದ ಮೇಲೆ ಅದೇ ಹೆಸರು ಬೇರೆಯಾಗಿ ಕೇಳಿಸತೊಡಗಿತು. ಆ ಸಭಾಂಗಣದ ಗೋಡೆಯ ಬುಡದಲ್ಲಿ ಗಾಳಿ ಒಳಬರಲು ಅವನು ಬರೆದಿದ್ದ ಕಿಂಡಿಗಳನ್ನೆಲ್ಲ, ಅಂದ ಕೆಡುತ್ತದೆ ಎಂದು ಕಟ್ಟಡದ ವಿನ್ಯಾಸಗಾರ ಮರದ ಹಲಗೆ ಹೊಡೆಸಿ ಮುಚ್ಚಿಸಿದ. ಮುಚ್ಚಿಸುವ ಮುಂಚೆ ಇವನನ್ನು ಕೇಳಿದ್ದ. ಏನ್ ಸಾರ್, ಪರವಾಗಿಲ್ಲ ತಾನೇ? ಹತ್ತು ಜನ ಮೇಜಿನ ಸುತ್ತ ಕೂತಿದ್ದರು. ಎಲ್ಲರೂ ಇವನ ಮುಖ ನೋಡಿದರು. ಇವನು ಗಂಟಲು ಸರಿಮಾಡಿಕೊಂಡು, ನೋಡೋಣ, ಎಂದ. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳು ಆಹ್ವಾನ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತ ಭಾಷಣ ಮಾಡಿದರು. ಮುಂದಿನ ಸಾಲಿನಲ್ಲಿ ಒಬ್ಬೊಬ್ಬರಾಗಿ ತೂಕಡಿಸಿದರು. ಕೊನೆಗೆ ಯಾರೋ ಬಾಗಿಲಿಗೆ ಕುರ್ಚಿ ಅಡ್ಡಕೊಟ್ಟು ತೆರೆದಿಟ್ಟರು. ಈಗಲೂ ಅಲ್ಲಿ ಸಭೆಯಿದ್ದರೆ ಆ ಕುರ್ಚಿ ಬಾಗಿಲಲ್ಲೇ ಇರುತ್ತದೆ.

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅವನು ಡಬ್ಬದ ಚಿತ್ರ ಬರೆದ. ಮುಂದೆ ಕೆಳಗಡೆ ಎರಡು ಫ್ಯಾನು, ತಣ್ಣನೆಯ ಗಾಳಿ ಒಳಕ್ಕೆ, ನೀಲಿ. ಹಿಂದೆ ಒಂದು, ಮೇಲೆ ಎರಡು, ಬಿಸಿ ಗಾಳಿ ಹೊರಕ್ಕೆ, ಕೆಂಪು. “ನೋಡು, ಇಷ್ಟೇ. ಬಿಸಿ ಅನ್ನೋದು ಮೇಲಕ್ಕೆ ಹೋಗುತ್ತೆ. ನಾವು ಅದಕ್ಕೆ ದಾರಿ ತೋರಿಸ್ಬೇಕು ಅಷ್ಟೆ. ನಿನ್ನ ತಮ್ಮ ಒಂದೇ ಒಂದು ಫ್ಯಾನ್ ಹಾಕಿ ಕೈತೊಳ್ಕೊಂಡಿದಾನೆ.” ಅವಳು ಹಾಳೆ ನೋಡಿ ತಲೆಯಾಡಿಸಿದಳು. ಚಿತ್ರ ಸರಿಯಾಗಿಯೇ ಇತ್ತು. ಅವನ ಚಿತ್ರಗಳು ಯಾವಾಗಲೂ ಸರಿಯಾಗಿಯೇ ಇರುತ್ತಿದ್ದವು. ಒಂದು ಸಲ ಅವಳು ಮಾಡಿದ ಮನೆಯೊಂದರ ಚಿತ್ರದಲ್ಲಿ ಎಲ್ಲ ಕಿಟಕಿಗಳ ಪರದೆಯೂ ಒಳಮುಖವಾಗಿ ಹಾರುತ್ತಿದ್ದದ್ದನ್ನು ಕಂಡು ಅವನಿಗೆ ತಡೆಯಲಾಗಿರಲಿಲ್ಲ. ಅಲ್ವೇ, ನಾಲ್ಕೂ ದಿಕ್ಕಿನಿಂದ ಗಾಳಿ ಒಳಗೇ ಬರ್ತಿದೆ, ಹೋಗೋದೆಲ್ಲಿಗೆ? ಎಂದಿದ್ದ. ಚಿತ್ರದಲ್ಲಿ ಹೋಗ್ಬೇಕಾಗಿಲ್ಲ ರೀ, ಎಂದಿದ್ದಳು ಅವಳು. ಆ ಚಿತ್ರ ನೋಡಿದವರೆಲ್ಲ ಎಂಥ ಒಳ್ಳೆ ಗಾಳಿ ಬೆಳಕು ಎಂದು ಕೊಂಡಾಡಿದರು. ಅವಳ ಕಟ್ಟಡಗಳಲ್ಲಿ ಯಾರೂ ಬೆವರಿದ್ದಿಲ್ಲ.

ಡಬ್ಬವನ್ನು ಮೇಜಿನ ಕೆಳಗಿನಿಂದ ಎಳೆದು, ಪಕ್ಕದ ತಗಡು ಬಿಚ್ಚಿ, ಹಳೆಯ ಫ್ಯಾನು ತೆಗೆದಿಟ್ಟು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಫ್ಯಾನಿನ ಒಂದು ಮುಖ ನುಣ್ಣಗೆ, ರೆಕ್ಕೆಗಳು ಬಯಲಾಗಿ ಕಾಣುತ್ತವೆ. ಇನ್ನೊಂದು ಮುಖದಲ್ಲಿ ಮೋಟಾರನ್ನು ಹಿಡಿದುಕೊಂಡ ನಾಲ್ಕು ಕಡ್ಡಿಗಳಿವೆ. ಯಾವುದು ಮುಖ, ಯಾವುದು ಬೆನ್ನು? ಅವನಿಗೆ ಇದು ಪ್ರಶ್ನೆಯೇ ಅಲ್ಲ. ಗೋಡೆಗೆ ಕೂರಿಸುವ ಆಳೆತ್ತರದ ಎಕ್ಸಾಸ್ಟ್ ಫ್ಯಾನುಗಳಲ್ಲಿ ಆ ಕಡ್ಡಿಗಳು ಕೋಣೆಯ ಕಡೆಗಿರುತ್ತವೆ, ಗಾಳಿ ಕಡ್ಡಿಗಳ ಕಡೆಯಿಂದ ಹೊಕ್ಕು ರೆಕ್ಕೆಗಳ ಕಡೆಯಿಂದ ಆಚೆ ಹೋಗುತ್ತದೆ. ಅಂಥವನ್ನು ಅವನು ಲೆಕ್ಕವಿಲ್ಲದಷ್ಟು ಬರೆದಿದ್ದ. ಇವು ಅವುಗಳ ಮೊಮ್ಮಕ್ಕಳು, ಅಷ್ಟೆ. ಹಾಗಾಗಿ ಮುಂದಿನ ಎರಡಕ್ಕೆ ಕಡ್ಡಿಗಳು ಹೊರಗೆ, ಹಿಂದಿನ ಮತ್ತು ಮೇಲಿನ ಮೂರಕ್ಕೆ ಕಡ್ಡಿಗಳು ಒಳಗೆ. “ಒಂದ್ಸಲ ವೈರ್ ಕೊಟ್ಟು ಗಾಳಿಗೆ ಕೈಯೊಡ್ಡಿ ನೋಡಿ ಹಾಕ್ಬಾರ್ದಾ?” ಎಂದಳು ಅವಳು, ಟಾರ್ಚು ಹಿಡಿದು ಬಗ್ಗಿ. ಅವನು ಮೇಲೆ ನೋಡಿ ನಕ್ಕ. ನೀರು ಒದ್ದೆಯಾಗಿದೆಯೇ ನೋಡು ಎಂದವರನ್ನು ಕಂಡು ಈಜುಗಾರ ನಗುವ ಹಾಗೆ.

ಸ್ಕ್ರೂಗಳು ಅವನ ಮಾತು ಕೇಳಲಿಲ್ಲ. ದಪ್ಪ ಬೆರಳುಗಳ ಸಂದಿಯಿಂದ ಒಂದು ಜಾರಿ ಡಬ್ಬದೊಳಗೆ ಬಿತ್ತು, ಅದನ್ನು ಹುಡುಕಲು ಡಬ್ಬವನ್ನು ಎತ್ತಿ ಅಲ್ಲಾಡಿಸಿದಾಗ ಇನ್ನೊಂದು ಬಿತ್ತು. ಕನ್ನಡಕ ಬೆವರಿಗೆ ಮೂಗಿನ ತುದಿಗೆ ಇಳಿಯಿತು, ಎರಡೂ ಕೈ ಕೆಲಸದಲ್ಲಿದ್ದದ್ದರಿಂದ ಅವಳೇ ಒಂದು ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳಿದಳು. ತುಂಬ ಹಳೆಯ ಸಲಿಗೆ. ಅವನಿಗೆ ಒಮ್ಮೆಲೇ ಅಳು ಬರುವ ಹಾಗಾಗಿ, ಅದನ್ನು ಮುಚ್ಚಿಕೊಳ್ಳಲು, “ಟಾರ್ಚ್ ನೆಟ್ಟಗೆ ಹಿಡಿ!” ಎಂದು ರೇಗಿದ. ಇವಳ ಮುಂದೆ ಮಾತ್ರ ಸೋಲಬಾರದು ಎಂದುಕೊಂಡ. ಕಚೇರಿಯವರು ಏನಾದರೂ ಅಂದುಕೊಳ್ಳಲಿ. ಪಕ್ಕದ ಮೇಜಿನಿಂದ ತಲೆಯೆತ್ತಿ, ಗಾಳಿ ಕಣ್ಣಿಗೆ ಕಾಣಲ್ಲ, ನಿಮಗೆ ಮಾತ್ರ ಹೇಗೆ ಕಾಣುತ್ತೆ ಎಂದು ಕೇಳಿದ್ದವಳು ಇವಳು. ಆ ಪ್ರಶ್ನೆಯ ಮೇಲೆ ಅವನು ಇಷ್ಟು ಕಾಲ ಬದುಕಿದ್ದ.

ಯಂತ್ರ ಚಾಲೂ ಆದಾಗ ಐದೂ ಫ್ಯಾನುಗಳು ಕೆಂಪು, ಹಸಿರು, ನೇರಳೆ ಬಣ್ಣದಲ್ಲಿ ಜಗಮಗಿಸಿದವು. ಅಂಗಡಿಯಲ್ಲಿ ಬಣ್ಣದ ದೀಪವಿಲ್ಲದ ಫ್ಯಾನು ಇರಲಿಲ್ಲ. “ಅಯ್ಯೋ, ಬಳೆ ಅಂಗಡಿ ಥರ ಇದೆ” ಎಂದು ಅವಳು ನಕ್ಕಳು. ಅವನೂ ನಕ್ಕ. ಮೇಜಿನ ಕೆಳಗೆ ಡಬ್ಬವನ್ನು ತಳ್ಳಿ, ಗುಂಡಿ ಒತ್ತಿ, ಇಬ್ಬರೂ ಪರದೆಯ ಮುಂದೆ ಕೂತರು. ಆಕಾಶ ಬಂತು. ಪರದೆಯ ಮೂಲೆಯಲ್ಲಿ ಒಳಗಿನ ಬಿಸಿಯನ್ನು ತೋರಿಸುವ ಅಂಕಿ ಒಂದೊಂದೇ ಮೆಟ್ಟಿಲು ಹತ್ತತೊಡಗಿತು.

“ಏರ್ತಿದೆಯಲ್ಲ ರೀ.”

“ಏರ್ಲೇಬೇಕು. ಒಳಗಿರೋ ಹಳೇ ಬಿಸಿ ಹೊರಗೆ ಬರ್ಬೇಕಲ್ಲ ಮೊದಲು.”

ಮರಗಳು ಬರತೊಡಗಿದವು. ಅಂಕಿ ಇನ್ನೂ ಹತ್ತಿತು. ಅವಳು ಕುರ್ಚಿಯ ಕೆಳಗೆ ಕಾಲು ಅತ್ತಿತ್ತ ಸರಿಸಿದಳು. “ಕಾಲಿಗೆ ಬೆಚ್ಚಗೆ ಗಾಳಿ ಬರ್ತಿದೆ. ಡಬ್ಬದ ಮುಂಭಾಗದಿಂದ.”

“ಅದು ಗೋಡೆಗೆ ಹೊಡೆದು ವಾಪಸ್ ಬರೋ ಗಾಳಿ.”

“ಗೋಡೆ ಹಿಂದಿದೆಯಲ್ಲ?”

“ಸುತ್ತಿ ಬರುತ್ತೆ” ಎಂದ ಅವನು. ಅವನ ಬಾಯಿ ಅವನನ್ನು ಕೇಳದೆಯೇ ಮಾತಾಡುತ್ತಿತ್ತು. ಗಾಳಿಯ ಒತ್ತಡ, ಗಾಳಿಯ ಸುಳಿ, ಮೂಲೆಗಳಲ್ಲಿ ನಿಂತುಹೋಗುವ ಸತ್ತ ಗಾಳಿ, ಇವುಗಳ ಬಗ್ಗೆ ಒಂದು ಪುಟ್ಟ ಉಪನ್ಯಾಸವೇ ಆಯಿತು. ಅವಳು ತಿರುಗಿ ಅವನ ಮುಖ ನೋಡಿದಳು. ನೋಡಿ, ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡಳು. ಮೇಜಿನ ಕೆಳಗೆ ಬಳೆ ಅಂಗಡಿ ಫಕ್ಕನೆ ಬಾಗಿಲು ಹಾಕಿತು. ಈ ಸಲ ಮರಗಳು ಅರ್ಧಕ್ಕೇ ನಿಂತಿದ್ದವು, ಹಳೆಯ ಒಂಟಿ ಫ್ಯಾನಿದ್ದಾಗ ಅವಾದರೂ ಪೂರ್ತಿ ಬರುತ್ತಿದ್ದವು. ಅವಳು ಎದ್ದು, ಫೋನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಮೆಲ್ಲಗೆ ಮಾತಾಡಿದ್ದು ಕೇಳಿಸಿತು. “ಬಾರೋ ಸ್ವಲ್ಪ. ಹೂಂ. ಇಲ್ಲ, ಅವರೇ ಹಾಕಿದಾರೆ. ನೀನು ಬಾ.”

ಅವರೇ ಹಾಕಿದಾರೆ. ಈ ಎರಡು ಮಾತನ್ನು ಅವನು ನೆಲದ ಮೇಲೆ ಕೂತು ನೂರು ರೀತಿಯಲ್ಲಿ ಕೇಳಿಸಿಕೊಂಡ. ಒಂದು ರೀತಿಯಲ್ಲಿ ಹೆಮ್ಮೆಯಿತ್ತು, ಒಂದರಲ್ಲಿ ಕ್ಷಮೆಯಿತ್ತು, ಬಹಳಷ್ಟರಲ್ಲಿ ಏನು ಮಾಡೋದು ಹೇಳು ಎನ್ನುವುದಿತ್ತು. ನಾಚಿಕೆ ಮೊದಲು ಕಿವಿಯಲ್ಲಿ ಬಿಸಿಯಾಗಿ ಆಮೇಲೆ ಕತ್ತಿನ ಹಿಂದೆ ಇಳಿಯಿತು. ಡಬ್ಬವನ್ನು ಮತ್ತೆ ಎಳೆದು, ಯಂತ್ರವನ್ನು ಚಾಲೂ ಮಾಡಿ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಕಾಗದದ ಒಂದು ತೆಳು ಚೂರನ್ನು ಮುಂದಿನ ಜಾಲರಿಯ ಹತ್ತಿರ ಹಿಡಿದ. ಒಳಕ್ಕೆ ಅಂಟಿಕೊಳ್ಳಬೇಕಾಗಿದ್ದ ಚೂರು ಹಾರಿ ಬಂದು ಅವನ ಕನ್ನಡಕಕ್ಕೆ ಅಂಟಿಕೊಂಡಿತು. ಅದನ್ನು ತೆಗೆಯದೆಯೇ ಸ್ವಲ್ಪ ಹೊತ್ತು ಕೂತ. ಮತ್ತೆ ಹಿಂದೆ ಹಿಡಿದು ನೋಡಿದ, ಫ್ಯಾನು ಚೂರನ್ನು ಸರಕ್ಕನೆ ಒಳಗೆ ಎಳೆದುಕೊಂಡಿತು. ಅಂದರೆ ಮುಂದಿನಿಂದ ಹೊರಕ್ಕೆ, ಹಿಂದಿನಿಂದ ಒಳಕ್ಕೆ, ಹೊರಗೆ ಹಾಕಿದ ಬಿಸಿಯನ್ನೇ ಹಿಂದಿನ ಗೋಡೆಯ ಸಂದಿಯಿಂದ ಯಂತ್ರಕ್ಕೆ ಮತ್ತೆ ಕುಡಿಸುತ್ತಿದ್ದವು. ಐದಕ್ಕೆ ಐದೂ ಉಲ್ಟಾ. ಈ ಮೊಮ್ಮಕ್ಕಳು ಅಜ್ಜಂದಿರ ಹಾಗಲ್ಲ, ಇವುಗಳಲ್ಲಿ ಗಾಳಿ ಕಡ್ಡಿಗಳ ಕಡೆಯಿಂದಲೇ ಹೊರಬರುತ್ತದೆ. ಕನ್ನಡಕ ಸರಿಮಾಡಿ ಬಗ್ಗಿ ನೋಡಿದರೆ ಪ್ರತಿ ಫ್ಯಾನಿನ ಅಂಚಿನಲ್ಲೂ ಗಾಳಿಯ ದಿಕ್ಕು ತೋರಿಸುವ ಒಂದು ಪುಟ್ಟ ಬಾಣ ಅಚ್ಚಾಗಿತ್ತು. ಜೀವಮಾನವಿಡೀ ಬಾಣ ಬರೆದವನ ಕಣ್ಣಿಗೆ ಐದು ಬಾಣಗಳು ಬಿದ್ದಿರಲಿಲ್ಲ.

ತಿರುಗಿಸಿ ಹಾಕಬಹುದು ಎಂದು ಮೊದಲು ಹೊಳೆಯಿತು. ಯಾರಿಗೂ ಗೊತ್ತಾಗದ ಹಾಗೆ ಎಂದು ಅದರ ಬೆನ್ನಿಗೇ ಹೊಳೆಯಿತು. ಯಂತ್ರ ಆರಿಸಿ, ಸ್ಕ್ರೂಡ್ರೈವರ್ ಎತ್ತಿಕೊಂಡು, ಕಳ್ಳನ ಹಾಗೆ ಉಸಿರು ಬಿಗಿಹಿಡಿದು ಮೊದಲ ಸ್ಕ್ರೂಗೆ ತುದಿ ತಾಗಿಸುವಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಮೈದನ ಮನೆ ಪಕ್ಕದ ಬೀದಿಯಲ್ಲೇ. ಅಷ್ಟು ಹತ್ತಿರದಲ್ಲಿ ಮನೆ ಮಾಡು ಎಂದು ಸಲಹೆ ಕೊಟ್ಟವನೂ ತಾನೇ ಎಂದು ನೆನಪಾಗಿ ಅವನಿಗೆ ತನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

“ಏನ್ ಭಾವ, ಆಪರೇಷನ್ನಾ?” ಎನ್ನುತ್ತ ಬಾಮೈದ ಒಳಬಂದ. ನಿರೀಕ್ಷಿಸಿದ ಹಾಗೆ ಚಪ್ಪಲಿ ಬಿಡುವ ಮುಂಚೆಯೇ ನಗುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಡಬ್ಬದೊಳಗೆ ಇಣುಕಿದ. ನಗು ನಿಂತಿತು. ಮುಂದೆ ನೋಡಿದ, ಹಿಂದೆ ನೋಡಿದ, ತಲೆ ಓರೆ ಮಾಡಿ ಮೇಲೆ ನೋಡಿದ. ಬಂತು, ಈಗ ಬಂತು, ಎಂದು ಇವನು ಕಣ್ಣು ಮುಚ್ಚಿಕೊಂಡ.

“ಭಾವ, ಇದು ಯಾವ ಥಿಯರಿ?”

ಇವನು ಕಣ್ಣು ಬಿಟ್ಟ. ಬಾಮೈದನ ಮುಖದಲ್ಲಿ ಕುಹಕವಿರಲಿಲ್ಲ. ಇದ್ದದ್ದು ಭಕ್ತಿ.

“ಎಲ್ಲರೂ ಮುಂದಿನಿಂದ ಒಳಗೆ ತಗೋತಾರೆ. ನೀವು ಹಿಂದಿನಿಂದ ತಗೋತಿದೀರಾ. ಅಂದ್ರೆ ಮುಂದಿನಿಂದ ಧೂಳು ಒಳಗೆ ಬರೋ ಮಾತೇ ಇಲ್ಲ! ಮೇಲಿನ ಬಿಸಿ ಮೇಲೇ ಹೋಗ್ಲಿ ಅಂತ ನಾವೆಲ್ಲ ಬಿಟ್ಬಿಡ್ತೀವಿ. ನೀವು ಅದನ್ನ ಮೇಲಿಂದ ತುಳಿದು ಮುಂದಕ್ಕೆ ಓಡಿಸ್ತಿದೀರಾ. ಅಬ್ಬಾ! ಓದಿದವರು ಓದಿದವರೇ ಭಾವ. ನಾವು ಯೂಟ್ಯೂಬ್ ನೋಡಿ ಕಲಿತವರು.”

“ಹಾಗೇನಿಲ್ಲಪ್ಪ” ಎಂದ ಇವನು. ಆ ಮಾತು ವಿನಯದಂತೆ ಕೇಳಿಸಿತು. ಬಾಮೈದ ಆಗಲೇ ಫೋನು ಕಿವಿಗಿಟ್ಟಾಗಿತ್ತು. ಯಾರೋ ಫೋಟೋಗ್ರಾಫರ್ ಗೆಳೆಯನಂತೆ, ಅವನ ಕಂಪ್ಯೂಟರೂ ಇದೇ ಥರ ಕಾದು ಕಾದು ಆರಿಹೋಗುತ್ತಿತ್ತಂತೆ. “ಲೋ, ಕೇಳು, ಫ್ಯಾನೆಲ್ಲ ತಿರುಗಿಸಿ ಹಾಕು. ಹೂಂ, ಎಲ್ಲಾನೂ. ಯಾಕೆ ಗೀಕೆ ಕೇಳ್ಬೇಡ, ನಮ್ಮ ಭಾವ ಕಂಡುಹಿಡಿದಿರೋದು. ಸಭಾಂಗಣಕ್ಕೆಲ್ಲ ಗಾಳಿ ವ್ಯವಸ್ಥೆ ಮಾಡೋರು!” ಸಭಾಂಗಣ ಎಂಬ ಮಾತಿಗೆ ಇವನು ಸ್ಕ್ರೂಡ್ರೈವರನ್ನು ಕೈಬಿಟ್ಟ. ಅದು ಉರುಳಿ ಮೇಜಿನ ಕೆಳಗೆ ಹೋಯಿತು. ತರಲು ಬಗ್ಗಿದವನಿಗೆ ಅಲ್ಲಿಯೇ ಕತ್ತಲಲ್ಲಿ, ವೈರುಗಳ ನಡುವೆ, ಯಾರಾದರೂ ಕರೆಯುವವರೆಗೆ ಇದ್ದುಬಿಡಬೇಕು ಎನ್ನಿಸಿತು.

ಅಷ್ಟರಲ್ಲಿ ಅವಳು ಬಂದು ಬಾಗಿಲಲ್ಲಿ ನಿಂತಳು. “ಏನಂತೋ? ಸಂಜೆಯೊಳಗೆ ಆಗುತ್ತಾ?” ಬಾಮೈದ ಗಂಭೀರವಾಗಿ ಎದ್ದ. “ಅಕ್ಕಾ, ಭಾವ ಮಾಡಿರೋದ್ರಲ್ಲಿ ತಪ್ಪಿಲ್ಲ. ಇಷ್ಟಾದ್ಮೇಲೂ ಕಾಯ್ತಿದೆ ಅಂದ್ರೆ ಒಳಗಿನ ಬೋರ್ಡೇ ಹೋಗಿರ್ಬೇಕು. ಪೂರ್ತಿ ಬಿಚ್ಚಿ ಅಂಗಡಿಗೆ ಒಯ್ತೀನಿ. ನಾಳೆ ನಾಡಿದ್ದರಲ್ಲಿ ನೋಡೋಣ.” ಅವಳು ಬಾಗಿಲ ಚೌಕಟ್ಟಿಗೆ ತಲೆಯಾನಿಸಿದಳು, ಅಷ್ಟೆ. ಬಾಮೈದ ಒಂದೊಂದೇ ವೈರು ಎಳೆಯತೊಡಗಿದ. ಇವನು ನೋಡುತ್ತ ನಿಂತ. ಒಂದು ಮಾತು. ಆಗಲೂ ಒಂದೇ ಮಾತು ಬೇಕಾಗಿತ್ತು. ಮೇಜಿನ ಸುತ್ತ ಕೂತ ಹತ್ತು ಜನ, ಪರವಾಗಿಲ್ಲ ತಾನೇ ಸಾರ್, ಗೋಡೆಯ ಮೇಲಿನ ಗಡಿಯಾರ, ತನ್ನ ಗಂಟಲು ಸರಿಮಾಡಿಕೊಳ್ಳುವ ಸದ್ದು. ಈಗಲೂ ಗಂಟಲು ಅದೇ ಸದ್ದು ಮಾಡಿತು. ಆ ಸದ್ದು ಕೇಳಿಯೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ನೋಡೋಣ ಎನ್ನಲು ಬಾಯಿ ಅಣಿಯಾಗಿತ್ತು. ಅದಕ್ಕೆ ಮುಂಚೆ ಇನ್ನೇನೋ ಹೊರಗೆ ಬಿತ್ತು.

“ನಾನು ಉಲ್ಟಾ ಹಾಕಿದೀನಿ.”

ಬಾಮೈದ ವೈರು ಹಿಡಿದೇ ತಿರುಗಿದ. “ಏನ್ ಭಾವ?”

“ಥಿಯರಿಯೂ ಇಲ್ಲ, ಮಣ್ಣೂ ಇಲ್ಲ. ಫ್ಯಾನಿನ ಮುಖ ಯಾವುದು ಬೆನ್ನು ಯಾವುದು ನನಗೆ ಗೊತ್ತಾಗ್ಲಿಲ್ಲ. ಐದನ್ನೂ ಉಲ್ಟಾ ಹಾಕಿದೀನಿ. ಬೋರ್ಡ್ ಸರಿಯಾಗಿದೆ.”

ಬಾಮೈದ ಗಹಗಹಿಸಿ ನಕ್ಕ. “ಭಾವ ತಮಾಷೆ ಮಾಡ್ತಿದಾರೆ ಅಕ್ಕ! ಇಷ್ಟು ದೊಡ್ಡ ಇಂಜಿನಿಯರು, ಫ್ಯಾನ್ ಉಲ್ಟಾ ಹಾಕ್ತಾರಾ?”

“ಹಾಕ್ತಾರೆ ಕಣೋ” ಎಂದಳು ಅವಳು ಒಂದು ಕ್ಷಣವೂ ತಡಮಾಡದೆ. “ಅವರು ಹೇಳ್ತಿದಾರೆ ಅಂದ್ಮೇಲೆ ಹಾಕಿರ್ತಾರೆ. ಬಿಚ್ಚು.”

ಅವನಿಗೆ ಇದು ಅವಮಾನವೋ ಉಪಕಾರವೋ ತಿಳಿಯಲಿಲ್ಲ. ಮೂವರೂ ನೆಲದ ಮೇಲೆ ಕೂತು ಸ್ಕ್ರೂ ಬಿಚ್ಚಿದರು. ಬಾಮೈದ ಮಾತ್ರ ಕೊನೆಯವರೆಗೂ, ಇರಲಿ ಭಾವ, ನಿಮ್ಮದನ್ನೂ ಇನ್ನೊಂದಿನ ಪೂರ್ತಿ ಪರೀಕ್ಷೆ ಮಾಡೋಣ, ಎನ್ನುತ್ತಲೇ ಇದ್ದ. ಫ್ಯಾನುಗಳು ತಿರುಗಿ ಕೂತವು. ಆಕಾಶ ಬಂತು, ಮರಗಳು ಬಂದವು, ಅಂಕಿ ಅರ್ಧ ದಾರಿ ಹತ್ತಿ ಅಲ್ಲೇ ಕೂತು ದಣಿವಾರಿಸಿಕೊಂಡಿತು. ಗ್ರಂಥಾಲಯದ ಮೊದಲ ಮೆಟ್ಟಿಲು ಮೂಡುವಾಗ ಬಾಮೈದನ ಫೋನು ಬಡಿದುಕೊಂಡಿತು. ಫೋಟೋಗ್ರಾಫರ್ ಗೆಳೆಯ. ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಫೋನು ದೂರ ಹಿಡಿದರೂ ಕೇಳಿಸುತ್ತಿತ್ತು. ತಿರುಗಿಸಿ ಹಾಕಿದ ಮೇಲೆ ಅವನ ಕಂಪ್ಯೂಟರು ಮಡಕೆ ನೀರಿನ ಹಾಗೆ ತಣ್ಣಗಾಗಿದೆಯಂತೆ, ಭಾವನ ಪಾದ ಎಲ್ಲಿದೆ ಹೇಳು ಎನ್ನುತ್ತಿದ್ದ. “ಅವನದು ಮೊದಲಿನಿಂದ ಉಲ್ಟಾ ಇತ್ತಪ್ಪ, ಅದಕ್ಕೇ ಸರಿಹೋಗಿದೆ!” ಎಂದ ಇವನು ದೈನ್ಯದಿಂದ. “ನೋಡಿದ್ಯಾ ಅಕ್ಕ, ಎಷ್ಟು ವಿನಯ” ಎಂದ ಬಾಮೈದ. ಇನ್ನೂ ಇಬ್ಬರು ಗೆಳೆಯರಿಗೆ ಹೇಳಬೇಕೆಂದು ಚಪ್ಪಲಿ ಮೆಟ್ಟಿಕೊಂಡು ಅವಸರದಲ್ಲಿ ಹೋದ. ಆ ಇಬ್ಬರ ಗತಿ ನೆನೆದು ಇವನಿಗೆ ಸಂಕಟವಾಯಿತು.

ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಒರೆಸಿಕೊಂಡು, ಮತ್ತೆ ಪರದೆಯ ಕಡೆ ತಿರುಗಿದಳು. ಮಧ್ಯಾಹ್ನದ ಬೆಳಕಿನಲ್ಲಿ ಕಟ್ಟಡ ಒಂದೊಂದೇ ಕಿಟಕಿಯಾಗಿ ಮೇಲೇಳುತ್ತಿತ್ತು. ಅವನು ಪಕ್ಕದ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದ. ಎದೆಯೊಳಗೆ ಯಾವುದೋ ಕಿಂಡಿ ತೆರೆದ ಹಾಗೆ ಹಗುರವಾಗಿತ್ತು. ಆಮೇಲೆ ಕೇಳಿದ.

“ನಿಂಗೆ ಯಾವಾಗ ಗೊತ್ತಾಯ್ತು?”

“ಕಾಲಿಗೆ ಬಿಸಿ ಗಾಳಿ ಬಂತಲ್ಲ, ಆಗ್ಲೇ.”

“ಮತ್ತೆ ಹೇಳ್ಬಾರ್ದಿತ್ತಾ?”

“ಹೇಗೆ ಹೇಳ್ಲಿ? ನೀವು ಸುಳಿ ಗಿಳಿ ಅಂತ ಅಷ್ಟು ಚೆನ್ನಾಗಿ ಹೇಳ್ತಿದ್ರಿ. ನನಗೆ ಬಾಯಿ ಬರ್ಲಿಲ್ಲ. ಅವನಾದ್ರೂ ಹೇಳ್ತಾನೆ ಅಂತ ಕರೆಸಿದೆ. ಅವನು ನೋಡಿದ್ರೆ ನಿಮಗಿಂತ ಒಂದು ಕೈ ಮೇಲೆ.”

“ಅವನು ಹೇಳಲಿಲ್ಲ. ನಾನೂ ಹೇಳದೆ ಇದ್ದಿದ್ರೆ?”

ಅವಳು ಪರದೆಯ ಮೇಲಿನ ಕಣ್ಣು ತೆಗೆಯಲಿಲ್ಲ. “ಡಬ್ಬ ಒಯ್ಯೋಕೆ ಬಿಡ್ತಿರಲಿಲ್ಲ. ಅವನನ್ನ ಕಳಿಸಿ, ನಿಮಗೆ ಊಟ ಹಾಕಿ, ನೀವು ಮಧ್ಯಾಹ್ನ ಒಂದು ನಿದ್ದೆ ಹೊಡೆಯೋವಾಗ ನಾನೇ ತಿರುಗಿಸಿ ಹಾಕ್ತಿದ್ದೆ” ಎಂದಳು. “ಎಂದಿನ ಹಾಗೆ.”

ಅವನು ನಕ್ಕ. ನಕ್ಕು ಮುಗಿಸುವಷ್ಟರಲ್ಲಿ ಕೊನೆಯ ಮಾತು ಒಳಗೆ ಇಳಿಯಿತು. ಎದ್ದು ಅಡುಗೆಮನೆಗೆ ಹೋಗಿ, ಹೋದ ವರ್ಷ ತಾನೇ ರಿಪೇರಿ ಮಾಡಿದ್ದ ನಲ್ಲಿಯನ್ನು ತಿರುಗಿಸಿ ನೋಡಿದ. ನೀರು ಸರಿಯಾಗಿ ಬಂತು, ಸರಿಯಾಗಿ ನಿಂತಿತು. ಹಿಂಬಾಗಿಲಿಗೆ ತಾನು ಕೂರಿಸಿದ್ದ ಚಿಲಕ ಮೆತ್ತಗೆ ಹೊಕ್ಕಿತು. ತಾನು ಹೊಡೆದ ಮೊಳೆಯಲ್ಲಿ ಕನ್ನಡಿ ನೆಟ್ಟಗೆ ನಿಂತಿತ್ತು. ಇಡೀ ಮನೆ ಯಾವ ಕೊರತೆಯೂ ಇಲ್ಲದೆ ನಡೆಯುತ್ತಿತ್ತು. ಅವನು ಕನ್ನಡಿಯ ಹಿಂದೆ ಇಣುಕಿ ನೋಡಿ, ತಾನು ಹೊಡೆದಿದ್ದ ಒಂದೇ ಮೊಳೆಗೆ ಗೋಡೆಯಲ್ಲಿ ಎರಡು ತೂತುಗಳಿರುವುದನ್ನು ಕಂಡು, ಸದ್ದಿಲ್ಲದೆ ವಾಪಸು ಬಂದು ಅವಳ ಪಕ್ಕದಲ್ಲಿ ಕೂತ.